ಬಾಡದ ಬೆಣ್ಣೆಹಣ್ಣಿನ ಗಿಡ

ಮಾರ್ಚ್ 6, ಬುಧವಾರ

ಬೆಳಿಗ್ಗೆ ಆರಕ್ಕೆ ಬರುತ್ತೇನೆ ಎಂದಿದ್ದ ಟ್ಯಾಂಕರ್ ಮಣಿಕಂಠ ಮಧ್ಯಾಹ್ನ ಬಂದ. ತಡವಾಯಿತು ಎನ್ನುವ ಬದಲು ನನಗೇ ಪಾಠ ಮಾಡಿದ. "ಮೇಡಂ, ಸೋಲದೇವನಹಳ್ಳಿ ಕಡೆ ಬೋರ್ ಹತ್ರ ಕ್ಯೂ ನಿಂತಿದ್ದೆ. ನೀರು ಸಿಕ್ಕಿದ್ದೇ ಪುಣ್ಯ ಅನ್ಕೊಳ್ಳಿ." ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವಳು ನಾನು. ಜಲಚಕ್ರದ ಚಿತ್ರ ಎಷ್ಟು ಸಲ ಬಿಡಿಸಿದ್ದೇನೋ. ಸಮುದ್ರ, ಮೋಡ, ಮಳೆ, ಹೊಳೆ, ಮತ್ತೆ ಸಮುದ್ರ. ಆ ಚಿತ್ರದಲ್ಲಿ ಟ್ಯಾಂಕರ್ ಎಲ್ಲೂ ಇರಲಿಲ್ಲ.

ಅಬ್ಬಿಗೆರೆಯ ನಮ್ಮ ಬೀದಿಯ ಬೋರ್‌ವೆಲ್ ಕೈಕೊಟ್ಟು ಒಂದು ತಿಂಗಳಾಯಿತು. ಬರಗಾಲದಲ್ಲಿ ಅಧಿಕ ಮಾಸ ಎಂಬಂತೆ ಮನೆಯಲ್ಲಿ ಒಬ್ಬ ರೋಗಿ, ನನ್ನ ಗಂಡ. ಆಸ್ಪತ್ರೆಯವರಿಗೆ ಗಯಾಸ್, ನನಗೆ ನಮ್ಮ ಸಾಹೇಬರು. ಜನವರಿಯಲ್ಲಿ ಮೂತ್ರಪಿಂಡದ ಕಲ್ಲು ತೆಗೆದರು. ಒಂದು ಕಡೆಯದು ಸೋತಿದೆ, ಇನ್ನೊಂದನ್ನು ಜೋಪಾನ ಮಾಡಬೇಕು ಎಂದರು ಡಾಕ್ಟರ್ ಮಾಲಾ. "ದಿನವಿಡೀ ಸ್ವಲ್ಪಸ್ವಲ್ಪ ಕುಡೀತಾನೇ ಇರಬೇಕು. ನೀರೇ ನಿಮಗೆ ಔಷಧಿ." ಊರಿಗೆಲ್ಲ ನೀರಿಲ್ಲದ ಕಾಲದಲ್ಲಿ ಇವರಿಗೆ ನೀರೇ ಔಷಧಿ ಆಗಬೇಕೆ!

ಇದು ಸಾಲದು ಎಂದು ಪಕ್ಕದ ನಮ್ಮದೇ ಸೈಟಿನಲ್ಲಿ ಐದು ಗಿಡ. ಹೋದ ಮಳೆಗಾಲದಲ್ಲಿ ಇವರೇ ಹೆಸರಘಟ್ಟ ರಸ್ತೆಯ ನರ್ಸರಿಯಿಂದ ಆಟೋದಲ್ಲಿ ತಂದು ನೆಟ್ಟದ್ದು: ಮಾವು, ಹಲಸು, ಸಪೋಟ, ಸೀಬೆ, ಬೆಣ್ಣೆಹಣ್ಣು. ವರ್ಷ ತುಂಬದ ಕೂಸುಗಳು. ಇವಕ್ಕೆ ಟ್ಯಾಂಕರ್ ನೀರು ಹಾಕುವಷ್ಟು ಸಿರಿವಂತರು ನಾವಲ್ಲ. ಆದರೆ ಅಡುಗೆಮನೆಯ ನೀರು ಸೋಸುವ ಆರ್.ಓ. ಮಷೀನು ಒಂದು ಲೋಟ ಕುಡಿಯುವ ನೀರು ಕೊಡುವಾಗ ಎರಡು ಲೋಟ ಹೊರಗೆ ಬಿಡುತ್ತದೆ. ಆ ಪೈಪಿನ ಬಾಯಿಗೆ ಬಕೆಟ್ ಇಟ್ಟೆ. ಒಂದು ಹನಿಯೂ ಮೋರಿಗಿಲ್ಲ, ಎಲ್ಲ ಗಿಡಕ್ಕೆ. ಆರ್.ಟಿ. ನಗರದಲ್ಲಿರುವ ಮಗಳು ತರನ್ನುಮ್‌ಗೆ ಫೋನಿನಲ್ಲಿ ಹೇಳಿದೆ. "ಅಮ್ಮೀ, ನಿಂಗೆ ಒಂದ್ ಪ್ರಶಸ್ತಿ ಕೊಡ್ಬೇಕು" ಎಂದಳು. ಹೊಗಳಿದಳೋ ಗೇಲಿ ಮಾಡಿದಳೋ ಗೊತ್ತಾಗಲಿಲ್ಲ.

ಮಾರ್ಚ್ 9, ಶನಿವಾರ

ಮಧ್ಯಾಹ್ನದ ಬಿಸಿಲಿನಲ್ಲಿ ಗಿಡಗಳ ಎದುರು ನಿಂತರೆ ಒಂಬತ್ತನೇ ತರಗತಿಯಲ್ಲಿ ನಿಂತ ಹಾಗೆ ಆಗುತ್ತದೆ. ಒಬ್ಬೊಬ್ಬರದು ಒಂದೊಂದು ಚಾಳಿ. ಮಾವು ತನ್ನ ಎಳೆಯ ಎಲೆಗಳನ್ನೆಲ್ಲ ಜೋಲು ಬಿಟ್ಟು, ಪ್ರಶ್ನೆ ಕೇಳಿದಾಗ ತಲೆ ತಗ್ಗಿಸುವ ಹುಡುಗನಂತೆ ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಎದ್ದಿರುತ್ತದೆ. ಸೀಬೆ ಎಲೆಯನ್ನು ಪುಸ್ತಕದ ಹಾಗೆ ಅರ್ಧಕ್ಕೆ ಮಡಚಿ ಬಿಸಿಲಿಗೆ ಅಂಚು ಮಾತ್ರ ತೋರಿಸುತ್ತದೆ. ಹಲಸು ಕೆಳಗಿನ ಎಲೆಗಳನ್ನು ಹಳದಿ ಮಾಡಿ ಉದುರಿಸಿ ತುದಿಯ ಚಿಗುರನ್ನು ಕಾಪಾಡಿಕೊಳ್ಳುತ್ತಿದೆ. ಸಪೋಟ ಏನನ್ನೂ ಮಾಡುವುದಿಲ್ಲ. ಬೆಳೆಯುವುದನ್ನೇ ನಿಲ್ಲಿಸಿ ಸುಮ್ಮನೆ ಕೂತಿದೆ, ನಮ್ಮ ಸಾಹೇಬರ ಹಾಗೆ.

ಬೆಣ್ಣೆಹಣ್ಣಿನದು ಮಾತ್ರ ತೀರಾ ನಾಜೂಕು. ಬೇರು ಮೇಲ್ಮಣ್ಣಿನಲ್ಲೇ, ಎಲೆ ತೆಳುವು. ಬಿಸಿಲು ಏರಿದರೆ ಎಲೆಗಳೆಲ್ಲ ದೋಣಿಯ ಹಾಗೆ ಸುರುಟಿಕೊಳ್ಳುತ್ತವೆ. ಐದರಲ್ಲಿ ಮೊದಲು ಸಾಯುವುದು ಇದೇ ಎಂದು ನನ್ನ ಅಂದಾಜು.

ನೀರು ಕಡಿಮೆಯಾದರೆ ಗಿಡ ಪತ್ರರಂಧ್ರ ಮುಚ್ಚಿಕೊಳ್ಳುತ್ತದೆ ಎಂದು ಪ್ರತಿ ವರ್ಷ ಪಾಠ ಮಾಡುತ್ತಿದ್ದೆ. ಮುಚ್ಚಿಕೊಂಡರೆ ನೀರು ಉಳಿಯುತ್ತದೆ ನಿಜ, ಆದರೆ ಆಹಾರ ತಯಾರಿಕೆಯೂ ನಿಲ್ಲುತ್ತದೆ. ಬಾಯಿ ಮುಚ್ಚಿ ಎಷ್ಟು ದಿನ ಇರಬಹುದು ಎಂದು ಯಾವ ಹುಡುಗನೂ ಕೇಳಲಿಲ್ಲ, ಕೇಳಿದ್ದರೂ ನನಗೆ ಗೊತ್ತಿರಲಿಲ್ಲ.

ಮಾರ್ಚ್ 11, ಸೋಮವಾರ

ಚಂದ್ರ ಕಂಡಿತಂತೆ. ನಾಳೆಯಿಂದ ರೋಜಾ, ಹಗಲೆಲ್ಲ ಹನಿ ನೀರೂ ಇಲ್ಲದ ರಂಜಾನ್ ಉಪವಾಸ.

ದೊಡ್ಡ ಜಗಳಕ್ಕೆ ಸಿದ್ಧಳಾಗಿದ್ದೆ. ಯಶವಂತಪುರದ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣದ ಎದುರು ನಿಂತುಕೊಂಡೂ ಒಂದು ದಿನ ರೋಜಾ ಬಿಡದ ಮನುಷ್ಯ ಇವರು. "ಡಾಕ್ಟರ್ ಖಡಾಖಂಡಿತವಾಗಿ ಬೇಡ ಅಂದಿದ್ದಾರೆ. ಕಾಯಿಲೆಯವರಿಗೆ ದೇವರೇ ರಿಯಾಯಿತಿ ಕೊಟ್ಟಿದ್ದಾನೆ. ನಿಮ್ಮದೇನು ಹೆಚ್ಚುಗಾರಿಕೆ?" ಎಂದು ಶುರು ಮಾಡಿದೆ. ಸಾಹೇಬರು ತಲೆ ಅಲ್ಲಾಡಿಸಿ, "ಹೌ, ಸರಿ. ನೀನು ಇಡು, ನಾನು ನೀರು ಕುಡ್ಕೊಂಡು ಕೂತಿರ್ತೀನಿ" ಎಂದುಬಿಟ್ಟರು. ನಾನು ಕಟ್ಟಿಟ್ಟುಕೊಂಡ ವಾದಗಳೆಲ್ಲ ವ್ಯರ್ಥವಾದವು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇವರು ಮೊದಲನೇ ಮಾತಿಗೆ ಒಪ್ಪಿದ್ದು ಇದೇ ಮೊದಲು.

ನಮ್ಮ ಜಗಳವೆಲ್ಲ ದಖನಿ ಉರ್ದುವಿನಲ್ಲಿ ಆಗುತ್ತದೆ, ಬರೆಯುವಾಗ ಕನ್ನಡವಾಗುತ್ತದೆ. ಕಪ್ಪುಹಲಗೆಯ ಮೇಲೆ ಸವೆದ ಕೈ.

ಮಾರ್ಚ್ 14, ಗುರುವಾರ

ಇವರಿಗೊಂದು ದೊಡ್ಡ ನೀಲಿ ಬಾಟಲಿ ಗೊತ್ತು ಮಾಡಿದ್ದೇನೆ. ಬೆಳಿಗ್ಗೆ ತುಂಬಿಸಿ ಕೊಡುತ್ತೇನೆ, ಖಾಲಿಯಾದ ಮೇಲೆ ಮತ್ತೆ ತುಂಬಿಸುತ್ತೇನೆ. ಸೈಟಿನಲ್ಲಿ ಬೆಣ್ಣೆಹಣ್ಣಿನ ಗಿಡದ ಪಕ್ಕ ಗೋಡೆಯ ನೆರಳಿಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಊಟವೂ ಅಲ್ಲಿಗೇ ಬೇಕಂತೆ. "ನೀನು ರೋಜಾ ಇಟ್ಕೊಂಡಿರೋವಾಗ ನಿನ್ನೆದುರು ತಿನ್ನೋಕೆ ಮುಜುಗರ" ಎಂದರು. ಡಬ್ಬಿ ಕಟ್ಟಿಕೊಟ್ಟೆ. ಖಾಲಿ ಡಬ್ಬಿ ವಾಪಸ್ ಬರುತ್ತದೆ, ಖಾಲಿ ಬಾಟಲಿ ವಾಪಸ್ ಬರುತ್ತದೆ. ಇಷ್ಟು ವಿಧೇಯ ರೋಗಿ ಸಿಕ್ಕರೆ ಯಾರಿಗೆ ಬೇಡ?

ಸಂಜೆ ನಾನು ಬಕೆಟ್ ಹಿಡಿದು ಹೋದಾಗ ಮಾತ್ರ ತಕರಾರು. ಬಕೆಟ್ ತಾಗಿ ಬೆಣ್ಣೆಹಣ್ಣಿನ ಒಂದು ಎಲೆ ಮುರಿಯಿತಂತೆ. "ಇದು ನಂದು. ಇನ್ಮೇಲೆ ನೀನು ಇದನ್ನ ಮುಟ್ಬೇಡ. ನಾನೇ ನೋಡ್ಕೊತೀನಿ" ಎಂದರು. ನೋಡಿಕೊಳ್ಳಲಿ, ನನಗೊಂದು ಕೆಲಸ ಕಡಿಮೆ. ಹೇಗೂ ಸಾಯುವ ಗಿಡ, ಇವರ ಕೈಯಲ್ಲೇ ಸಾಯಲಿ.

ಮಾರ್ಚ್ 17, ಭಾನುವಾರ

ರೋಜಾ ಇಡದವರು ಬೆಳಗಿನ ಜಾವದ ಸಹರಿ ಊಟಕ್ಕೆ ಯಾಕೆ ಏಳಬೇಕು? ದಿನಾ ಎದ್ದು ನನ್ನ ಜೊತೆ ತಟ್ಟೆ ಹಾಕಿಕೊಂಡು ಕೂರುತ್ತಾರೆ. "ನಿನ್ನ ಪಾತ್ರೆ ಸದ್ದಿಗೆ ಎಚ್ಚರ ಆಗುತ್ತೆ" ಎಂದು ನನ್ನ ಮೇಲೇ ಹಾಕುತ್ತಾರೆ. ಸಂಜೆ ಇಫ್ತಾರ್ ಹೊತ್ತಿಗೂ ಅಷ್ಟೇ, ನನಗಿಂತ ಮೊದಲು ಖರ್ಜೂರದ ತಟ್ಟೆಯ ಮುಂದೆ ಹಾಜರ್. ಮಧ್ಯಾಹ್ನ ಡಬ್ಬಿಗಟ್ಟಲೆ ತಿಂದವರಿಗೆ ಇಷ್ಟು ಆತುರ ಯಾಕೋ.

ಪಕ್ಕದ ಮನೆಯ ದೊಡ್ಡಮುನಿಯಮ್ಮ ಕಾಂಪೌಂಡಿನ ಆಚೆಯಿಂದ ಕೂಗಿ ಹೇಳಿದಳು. "ಮೇಡಮ್ಮಾ, ಮದ್ಯಾನ ಆದ್ರೆ ಸಾಕು, ನಮ್ ಕೋಳಿಗುಳೆಲ್ಲ ನಿಮ್ ಸೈಟ್‌ಗೇ ಓಗ್ತವೆ. ಅದೇನ್ ಆಕ್ತೀರೋ ಏನೋ, ಇತ್ತೀಚ್ಗೆ ಒಳ್ಳೆ ಗುಂಡುಗುಂಡಾಗವೆ!" ಅಬ್ಬಿಗೆರೆ ಬರಿ ಹಳ್ಳಿಯಾಗಿದ್ದ ಕಾಲದಿಂದ ಇರುವ ಮನೆ ಅವರದು. ಅವಳ ಕೋಳಿಗಳೂ ಹಾಗೇ, ಸೈಟು ತಮ್ಮದೇ ಎಂದು ಓಡಾಡುತ್ತವೆ. ಗಿಡದ ಬುಡ ಕೆದಕಿದರೆ ಸುಮ್ಮನಿರುವುದಿಲ್ಲ ಎಂದೆ.

ಮಾರ್ಚ್ 21, ಗುರುವಾರ

ಮಾವಿನ ಎಲೆಗಳ ತುದಿ ಕಂದುಬಣ್ಣಕ್ಕೆ ತಿರುಗಿದೆ. ಯಾರೋ ಬೀಡಿಯಿಂದ ಸುಟ್ಟ ಹಾಗೆ ಅಂಚು ಪೂರ್ತಿ ಒಣಗಿದೆ. ಸೀಬೆಯಲ್ಲೂ ಶುರುವಾಗಿದೆ. ನೀರು ಸಾಲುತ್ತಿಲ್ಲ ಎಂದು ಸ್ಪಷ್ಟ. ಇಂದಿನಿಂದ ಬೆಳಿಗ್ಗೆಯೂ ಒಂದು ಬಕೆಟ್. ಸಾಹೇಬರು ಜಾಸ್ತಿ ಕುಡಿದಷ್ಟು ಮಷೀನು ಜಾಸ್ತಿ ಓಡುತ್ತದೆ, ಮಷೀನು ಓಡಿದಷ್ಟು ಗಿಡಕ್ಕೆ ನೀರು. ಲೆಕ್ಕ ಸರಿಯಾಗಿಯೇ ಇದೆ. ಗಿಡಗಳು ಮಾತ್ರ ಲೆಕ್ಕಕ್ಕೆ ಬಗ್ಗುತ್ತಿಲ್ಲ.

ಮಾರ್ಚ್ 24, ಭಾನುವಾರ

ಬಿಸಿಲು. ಸಿಟ್ಟು. ಟ್ಯಾಂಕರ್ ಇಲ್ಲ. ಮಣಿಕಂಠನ ಫೋನ್ ಸ್ವಿಚ್ ಆಫ್.

ಮಾರ್ಚ್ 26, ಮಂಗಳವಾರ

ಹಲಸು ತುದಿಯ ಚಿಗುರನ್ನೂ ಬಿಟ್ಟಿತು. ಅಷ್ಟು ಜೋಪಾನ ಮಾಡಿಕೊಂಡಿದ್ದ ಚಿಗುರು ಕಪ್ಪಾಗಿ ಮುದುರಿ ಕೂತಿದೆ. ನೋಡಿ ಅಳು ಬಂತು, ಅಳುವುದಕ್ಕೂ ನೀರು ಖರ್ಚು ಎಂದು ಸುಮ್ಮನಾದೆ.

ದೊಡ್ಡಮುನಿಯಮ್ಮ ಬಂದು ನೋಡಿ ಕೆನ್ನೆಯ ಮೇಲೆ ಕೈ ಇಟ್ಟಳು. "ಎರಡೊತ್ತೂ ನೀರ್ ಆಕ್ತೀರ, ಇಂಗ್ಯಾಕ್ ಸುಟ್ಟೋದಂಗಾಗವೆ? ದೃಷ್ಟಿ ಆಗದೆ ಕಣಮ್ಮ." ಮೆಣಸಿನಕಾಯಿ ನಿವಾಳಿಸಿ ಹೋದಳು. ವಿಜ್ಞಾನದ ಟೀಚರಾಗಿ ನಾನು ತಡೆಯಬೇಕಿತ್ತು, ತಡೆಯಲಿಲ್ಲ. ಹೋಗುವಾಗ ಒಂದು ಮಾತು ಹೇಳಿದಳು: "ಸಾಬ್ರ ಗಿಡ ಒಂದು ಮಾತ್ರ ಸಂದಾಗದೆ ನೋಡಿ."

ಹೌದು. ಮೊದಲು ಸಾಯಬೇಕಿದ್ದ ಬೆಣ್ಣೆಹಣ್ಣು ನಗುನಗುತ್ತಾ ನಿಂತಿದೆ. ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು. ಏನು ಹಾಕುತ್ತೀರಿ ಎಂದು ಕೇಳಿದೆ. "ಏನಿಲ್ಲ, ಮಾತಾಡಿಸ್ತೀನಿ" ಎಂದರು. ಮನೆಯಲ್ಲಿ ನನ್ನನ್ನು ಮಾತಾಡಿಸಲು ಪುರುಸೊತ್ತಿಲ್ಲ.

ಮಾರ್ಚ್ 28, ಗುರುವಾರ

ಸಾಹೇಬರು ಮಧ್ಯಾಹ್ನದ ನಮಾಜಿಗೆ ಏಳುವಾಗ ಗೋಡೆ ಹಿಡಿದುಕೊಂಡರು. ತಲೆ ಸುತ್ತಿತಂತೆ. ತುಟಿ ಬಿರುಕು ಬಿಟ್ಟಿದೆ. ಮುಖ ಒಣಗಿದೆ. "ನೀರು ಕುಡಿದ್ರಾ?" ಎಂದೆ. ಬಾಟಲಿ ತಲೆಕೆಳಗೆ ಮಾಡಿ ತೋರಿಸಿದರು. ಖಾಲಿ. ಇನ್ನೇನು ಹೇಳಲಿ? ಗೋಡೆಗಾದರೂ ಹೇಳಬಹುದು. ಗಿಡಕ್ಕೆ ನೀರು ಹಾಕಿದರೆ ಗಿಡ ಒಣಗುತ್ತದೆ, ಗಂಡನಿಗೆ ನೀರು ಕೊಟ್ಟರೆ ಗಂಡ ಒಣಗುತ್ತಾನೆ. ನನ್ನ ಕೈಯಲ್ಲೇ ಏನೋ ದೋಷವಿರಬೇಕು.

ಮಾರ್ಚ್ 30, ಶನಿವಾರ

ರಕ್ತ ಪರೀಕ್ಷೆ. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಮತ್ತೆ ಏರಿದೆ. ಡಾಕ್ಟರ್ ಮಾಲಾ ರಿಪೋರ್ಟನ್ನು ಮೇಜಿನ ಮೇಲೆ ತಳ್ಳಿ, ಇವರನ್ನು ಬಿಟ್ಟು ನನ್ನನ್ನು ನೋಡಿದರು. "ಇವರು ಹಗಲು ಹೊತ್ತು ನೀರು ಕುಡೀತಿಲ್ಲ. ಹಿಂಗೇ ಆದ್ರೆ ಉಳಿದಿರೋ ಒಂದು ಕಿಡ್ನಿನೂ ಹೋಗುತ್ತೆ. ಆಮೇಲೆ ಡಯಾಲಿಸಿಸ್ಸೇ ಗತಿ."

ನನಗೆ ರೇಗಿತು. "ಡಾಕ್ಟ್ರೇ, ನಾನೇ ನನ್ ಕೈಯಾರೆ ತುಂಬಿಸ್ತೀನಿ. ಖಾಲಿ ಬಾಟಲಿ ನಾನೇ ನೋಡ್ತೀನಿ. ಬೇಕಿದ್ರೆ ಆಣೆ ಮಾಡ್ತೀನಿ" ಎಂದೆ. ಪಕ್ಕದಲ್ಲಿ ಕೂತಿದ್ದ ಸಾಹೇಬರು ಫ್ಯಾನ್ ನೋಡುತ್ತಿದ್ದರು. ಆಣೆ ಎಂದಾಗ ಮಾತ್ರ ನನ್ನ ಕೈ ಮೇಲೆ ಕೈ ಇಟ್ಟರು. ಪಾಪ, ಸಮಾಧಾನ ಮಾಡುತ್ತಿದ್ದಾರೆ ಎಂದುಕೊಂಡೆ.

ನನಗೆ ಹೆದರಿಕೆಯಾಗಿದೆ. ಇಲ್ಲಿ ಬರೆದರೆ ಸ್ವಲ್ಪ ಕಡಿಮೆಯಾಗುತ್ತದೆ ಎಂದು ಬರೆಯುತ್ತಿದ್ದೇನೆ. ಕಡಿಮೆಯಾಗಲಿಲ್ಲ.

ಏಪ್ರಿಲ್ 1, ಸೋಮವಾರ

ಬೆಣ್ಣೆಹಣ್ಣು ಹೊಸ ಎಲೆ ಬಿಟ್ಟಿದೆ. ತಾಮ್ರದ ಬಣ್ಣದ ಎಳೆ ಎಲೆ, ಈ ಸುಡು ಬಿಸಿಲಿನಲ್ಲಿ! ಉಳಿದ ನಾಲ್ಕು ಒಂದೊಂದೇ ಕೈಬಿಡುತ್ತಿವೆ. ಸಪೋಟ ಕೂಡ ಅಂಚು ಸುಟ್ಟುಕೊಂಡಿದೆ. ಒಂದೇ ಮಣ್ಣು, ಒಂದೇ ಬಿಸಿಲು, ಒಂದೇ ದಿನ ನೆಟ್ಟದ್ದು. ವ್ಯತ್ಯಾಸ ಎಲ್ಲಿದೆ ಎಂದು ಹುಡುಕಿ, ಕಾರಣ ಬರೆಯಿರಿ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಕೊಟ್ಟು ಎಷ್ಟು ಮಕ್ಕಳನ್ನು ಫೇಲ್ ಮಾಡಿದ್ದೇನೋ.

ಏಪ್ರಿಲ್ 3, ಬುಧವಾರ

ಇವತ್ತಿನದನ್ನು ಬರೆಯಬೇಕು.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಬೀದಿ ಮೂಲೆಯಲ್ಲಿ ಟ್ಯಾಂಕರ್ ಬಂತು. ಮಣಿಕಂಠನಿಗೆ ನಾಲ್ಕು ಮಾತು ಬೈಯೋಣ ಎಂದು ಹೊರಟವಳು ಸೈಟಿನ ಗೇಟಿನ ಹತ್ತಿರ ನಿಂತೆ. ಒಳಗೆ ಸಾಹೇಬರು ಕುರ್ಚಿಯಿಂದ ಎದ್ದು ಆಚೆ ಈಚೆ ನೋಡಿದರು. ನನ್ನನ್ನು ನೋಡಲಿಲ್ಲ. ನೀಲಿ ಬಾಟಲಿಯ ಮುಚ್ಚಳ ತಿರುಗಿಸಿದರು, ಬಗ್ಗಿದರು, ಬೆಣ್ಣೆಹಣ್ಣಿನ ಬುಡಕ್ಕೆ ನಿಧಾನವಾಗಿ, ಮಣ್ಣು ಕೊರೆಯದ ಹಾಗೆ, ಪೂರ್ತಿ ಬಾಟಲಿ ಸುರಿದರು. ಆಮೇಲೆ ಡಬ್ಬಿ ತೆಗೆದು ನಾನು ಕಟ್ಟಿಕೊಟ್ಟ ಚಪಾತಿಯನ್ನು ಚೂರು ಮಾಡಿ ಎಸೆದರು. ದೊಡ್ಡಮುನಿಯಮ್ಮನ ಕೋಳಿಗಳು ಹಬ್ಬಕ್ಕೆ ಬಂದ ನೆಂಟರಂತೆ ಓಡಿ ಬಂದವು.

ಒಂದು ನಿಮಿಷ, ಗಿಡದ ಮೇಲೆ ಎಷ್ಟು ಪ್ರೀತಿ ಇವರಿಗೆ ಎಂದು ಅನ್ನಿಸಿತು. ಅಷ್ಟು ದಡ್ಡಿ ನಾನು. ಆಮೇಲೆ ಒಂದೊಂದೇ ಹೊಳೆಯಿತು. ಸಹರಿಗೆ ಏಳುವುದು. ಖರ್ಜೂರದ ಮುಂದೆ ಕಾಯುವುದು. ಬಿರುಕು ಬಿಟ್ಟ ತುಟಿ. ಮೊದಲನೇ ಮಾತಿಗೇ ಒಪ್ಪಿದ್ದು.

"ರೋಜಾ ಇಟ್ಟಿದ್ದೀರಾ?" ಎಂದೆ.

ಕೈಯಲ್ಲಿ ಖಾಲಿ ಬಾಟಲಿ ಹಿಡಿದು ಕಾಪಿ ಹೊಡೆದು ಸಿಕ್ಕಿಬಿದ್ದವರ ಹಾಗೆ ನಿಂತರು. ಮುಚ್ಚಳ ತಿರುಗಿಸಿ ಹಾಕಿ, "ಹೌ" ಎಂದರು.

"ಒಂದನೇ ದಿನದಿಂದ?"

"ಹೌ."

ನಾನು ಏನೇನು ಕೂಗಿದೆನೋ ನೆನಪಿಲ್ಲ. ದೊಡ್ಡಮುನಿಯಮ್ಮ ಕಾಂಪೌಂಡಿನ ಮೇಲೆ ತಲೆ ಎತ್ತಿದ್ದು ನೆನಪಿದೆ. ಡಾಕ್ಟರ ಮುಂದೆ ಸುಳ್ಳು ಆಣೆ ಮಾಡುವವರೆಗೂ ನನ್ನನ್ನು ತಂದು ನಿಲ್ಲಿಸಿದಿರಿ ಎಂದೆ. ನನ್ನನ್ನು ವಿಧವೆ ಮಾಡಿ ಯಾವ ಸ್ವರ್ಗಕ್ಕೆ ಹೋಗುತ್ತೀರಿ ಎಂದೆ. ಅವರು ಎಲ್ಲ ಕೇಳಿಸಿಕೊಂಡು ಕುರ್ಚಿಯಲ್ಲಿ ಕೂತರು.

"ಭಟ್ಟಿ ಎದುರು ನಿಂತು ರೋಜಾ ಇಟ್ಟೋನು ನಾನು. ಈಗ ನೆರಳಲ್ಲಿ ಕೂತ್ಕೊಂಡು ಕುಡೀಬೇಕಾ? ನೀನು ಒಣಗಿದ ಬಾಯಲ್ಲಿ ಬಕೆಟ್ ಹೊತ್ಕೊಂಡು ನನ್ನೆದುರೇ ಓಡಾಡ್ತೀಯ. ಗಂಟಲಲ್ಲಿ ಇಳಿಯಲ್ಲ, ಜಾಹಿದಾ. ನಿಜವಾಗ್ಲೂ ಇಳಿಯಲ್ಲ."

"ಹಾಗಾದ್ರೆ ಬಾಟಲಿ ಹಾಗೇ ಇಡ್ಬೇಕಿತ್ತು. ಯಾಕ್ ಖಾಲಿ ಮಾಡಿದ್ರಿ?"

"ಇಟ್ರೆ ನಿಂಗೆ ಗೊತ್ತಾಗುತ್ತೆ. ಮೋರಿಗೆ ಚೆಲ್ಲೋಕೆ ಮನಸ್ಸು ಬರಲಿಲ್ಲ. ಈ ಕಾಲದಲ್ಲಿ ನೀರು ಚೆಲ್ತಾರಾ ಯಾರಾದ್ರೂ?"

ಈ ಮನುಷ್ಯನಿಗೆ ತನ್ನ ಜೀವ ಚೆಲ್ಲಲು ಮನಸ್ಸಿದೆ, ನೀರು ಚೆಲ್ಲಲು ಇಲ್ಲ.

ಒಳಗೆ ಹೋಗಿ ಲೋಟದ ತುಂಬ ನೀರು ತಂದೆ. ನೆತ್ತಿಯ ಮೇಲೆ ಬಿಸಿಲು, ಇಫ್ತಾರ್ ಇನ್ನೂ ಎಲ್ಲೋ ಇದೆ. "ಕುಡಿಯಿರಿ" ಎಂದೆ. "ನಕ್ಕೋ, ಬೇಡ" ಎಂದು ಮುಖ ತಿರುಗಿಸಿದರು. ಸಂಜೆಗೆ ಇನ್ನೆಷ್ಟು ಹೊತ್ತು, ಇವತ್ತೊಂದು ದಿನ ಬಿಡು ಎಂದರು. "ಸರಿ. ನೀವು ಕುಡಿಯದಿದ್ರೆ ಇದನ್ನ ನಾನು ಕುಡೀತೀನಿ. ಬುದ್ಧಿ ಬಂದಾಗಿನಿಂದ ಇಟ್ಟ ರೋಜಾ ಇವತ್ತು ನಿಮ್ಮೆದುರೇ ಮುರೀತೀನಿ. ಗುನಾಹ್, ಪಾಪ ಎಲ್ಲ ನಿಮ್ಮ ತಲೆಗೆ" ಎಂದು ಲೋಟ ಎತ್ತಿದೆ. ಹೆದರಿಸುತ್ತಿದ್ದಾಳೆ ಎಂದುಕೊಂಡಿರಬೇಕು. ಲೋಟದ ಅಂಚು ತುಟಿಗೆ ತಾಗಿತು. ನೀರು ತಣ್ಣಗಿತ್ತು.

"ತೌಬಾ ತೌಬಾ! ಹುಚ್ಚು ಹಿಡೀತಾ ನಿಂಗೆ!" ಎಂದು ಎದ್ದು ನನ್ನ ಮಣಿಕಟ್ಟು ಹಿಡಿದರು. ನಾನು ಲೋಟ ಬಿಡಲಿಲ್ಲ. ಅವರೂ ಬಿಡಲಿಲ್ಲ. ಅರ್ಧ ನೀರು ಇಬ್ಬರ ಮೇಲೂ ಚೆಲ್ಲಿತು. ಕೊನೆಗೆ ನನ್ನ ಕೈಯ ಸಮೇತ ಲೋಟವನ್ನು ತಮ್ಮ ಬಾಯಿಗೆ ಎಳೆದುಕೊಂಡು ಗಟಗಟ ಕುಡಿದರು. ಗಂಟಲಲ್ಲಿ ಇಳಿಯಿತು. ನಾನು ನೋಡಿದೆ. ಕುಡಿದು ಮುಗಿಸಿ ಅತ್ತರು. ನಾನೂ ಅತ್ತೆ.

ನನ್ನ ತುಟಿ ಒದ್ದೆಯಾಗಿತ್ತು. ಸೆರಗಿನಿಂದ ಒರೆಸಿಕೊಂಡೆ. ಅವರು ತಡೆಯದಿದ್ದರೆ ಕುಡಿಯುತ್ತಿದ್ದೆನೇ? ಕುಡಿಯುತ್ತಿದ್ದೆ. ಅಷ್ಟಕ್ಕೇ ರೋಜಾ ಮುರಿಯಿತೋ ಉಳಿಯಿತೋ ಎಂದು ಯಾರನ್ನೂ ಕೇಳುವುದಿಲ್ಲ.

ಏಪ್ರಿಲ್ 4, ಗುರುವಾರ

ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ನನ್ನಂಥವರನ್ನು ನೋಡಿಯೇ.

ಬೆಳಿಗ್ಗೆ ಮಾವಿನ ಬುಡದ ಮಣ್ಣು ಕೆದಕಿದೆ. ಮೇಲೆ ಬೆಳ್ಳಗೆ ಪದರ ಕಟ್ಟಿದೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವಂಥದೇ. ರೋಜಾದಲ್ಲಿ ನಾಲಿಗೆಗೆ ಮುಟ್ಟಿಸುವಂತಿಲ್ಲ, ಬೇಕಾಗಿಯೂ ಇಲ್ಲ. ಉಪ್ಪು. ಟ್ಯಾಂಕರಿನ ಗಡಸು ನೀರಿನಿಂದ ಮಷೀನು ಸೋಸಿ ತೆಗೆದ ಉಪ್ಪೆಲ್ಲ ಆ ಬಕೆಟ್ಟಿಗೆ ಬಂದು, ಬಕೆಟ್ಟಿನಿಂದ ಈ ಕೂಸುಗಳ ಬೇರಿಗೆ ಹೋಗಿದೆ. ಮಣ್ಣಿನಲ್ಲಿ ಉಪ್ಪು ಹೆಚ್ಚಾದರೆ ಬೇರು ನೀರು ಎಳೆದುಕೊಳ್ಳಲಾರದು. ನೀರಿನ ನಡುವೆಯೇ ಬಾಯಾರಿ ಸಾಯುತ್ತದೆ. ಆಲೂಗಡ್ಡೆ ಕೊರೆದು, ಉಪ್ಪುನೀರು ತುಂಬಿಸಿ, ಅಭಿಸರಣೆ ಎಂದು ಪ್ರತಿ ವರ್ಷ ಮೇಜಿನ ಮೇಲೆ ಮಾಡಿ ತೋರಿಸಿದ ಪ್ರಯೋಗವನ್ನೇ ನಾನು ಗಿಡಗಳ ಮೇಲೆ ಮಾಡಿದ್ದೇನೆ. ಬರವನ್ನು ಅವು ತಡೆದುಕೊಂಡಿದ್ದವು. ತಡೆದುಕೊಳ್ಳಲಾಗದೇ ಹೋದದ್ದು ನನ್ನ ಉಪಚಾರವನ್ನು. ಕುಡಿಯುವ ನೀರು ಸಿಕ್ಕ ಒಂದೇ ಗಿಡ ಬದುಕಿತು.

ಬಕೆಟ್ ನೀರು ಇನ್ನು ನೆಲ ಒರೆಸಲು. ಮಣಿಕಂಠನಿಂದ ಒಂದು ಲೋಡು ಹೆಚ್ಚಿಗೆ ತರಿಸಿದೆ. "ಟ್ಯಾಂಕರ್ ನೀರು ಗಿಡಕ್ಕಾ ಮೇಡಂ? ತಮಾಷೆ ಮಾಡ್ತಿದ್ದೀರಾ?" ಎಂದ. ಅದೂ ಗಡಸೇ, ಆದರೆ ಬಕೆಟ್ಟಿನದರಷ್ಟಲ್ಲ. ನಾಲ್ಕೂ ಗಿಡಗಳ ಬುಡಕ್ಕೆ ಧಾರಾಳವಾಗಿ ಬಿಟ್ಟು ಉಪ್ಪನ್ನು ಕೆಳಗೆ ತೊಳೆದೆ, ಮೇಲೆ ಒಣ ಎಲೆ ಮುಚ್ಚಿದೆ. ಹಲಸಿನ ಉದುರಿದ ಎಲೆಗಳೇ ಹಲಸಿಗೆ ಹೊದಿಕೆಯಾದವು.

ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮೊದಲು ಬೈದರು, ಆಮೇಲೆ ನಕ್ಕರು, ಮತ್ತೆ ಬೈದರು.

ಏಪ್ರಿಲ್ 8, ಸೋಮವಾರ

ಸೈಟಿನಲ್ಲಿ ಈಗ ಎರಡು ಕುರ್ಚಿ. ಗಯಾಸ್ ಕುಡಿಯುತ್ತಾರೆ, ನಾನು ನೋಡುತ್ತೇನೆ. ಪ್ರತಿ ಗುಟುಕಿಗೂ ನನ್ನ ಕಡೆ ತಪ್ಪಿತಸ್ಥರ ಹಾಗೆ ನೋಡುತ್ತಾರೆ. "ನನ್ನ ಮುಖ ನೋಡ್ಬೇಡಿ, ಗಿಡ ನೋಡ್ಕೊಂಡು ಕುಡೀರಿ" ಎಂದು ಗದರಿದೆ. ಕೋಳಿಗಳು ಮಧ್ಯಾಹ್ನ ಬಂದು, ಕಾದು, ಬೇಜಾರಾಗಿ ವಾಪಸ್ ಹೋದವು. ಸೀಬೆ ಸತ್ತಿತು. ಕಡ್ಡಿ ಕೆರೆದು ನೋಡಿದೆ, ಹಸಿರಿಲ್ಲ. ಮಾವಿನದರಲ್ಲಿ ಇದೆ.

ಏಪ್ರಿಲ್ 11, ಗುರುವಾರ

ಈದ್.

ತರನ್ನುಮ್ ಬಂದಿದ್ದಾಳೆ. ಅಡುಗೆಮನೆ ಅವಳದು, ನನಗೆ ರಜೆ. ನಿನ್ನೆಯ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸ್ವಲ್ಪ ಇಳಿದಿದೆ. ಸ್ವಲ್ಪವೇ. ಡಾಕ್ಟರ್ ಹೊಗಳಲಿಲ್ಲ, ಬೈಯಲಿಲ್ಲ. ಅದೇ ಹಬ್ಬ.

ಗಯಾಸ್ ನಮಾಜು ಮುಗಿಸಿ ಬಂದವರು ಹೊಸ ಶರ್ಟಿನಲ್ಲೇ ಸೈಟಿಗೆ ಕರೆದುಕೊಂಡು ಹೋದರು. ಮಾವಿನ ಬುಡದ ಹತ್ತಿರ ಕಾಂಡದ ಮೇಲೆ ಒಂದು ಕೆಂಪು ಚಿಗುರು, ಅಕ್ಕಿಕಾಳಿನಷ್ಟು. ಇಬ್ಬರೂ ಬಗ್ಗಿ ನೋಡಿದೆವು. ದೊಡ್ಡಮುನಿಯಮ್ಮ ಆಚೆಯಿಂದ, "ಅಬ್ಬಕ್ಕೆ ಮಳೆ ಬರ್ಲಿ ಅಂತ ಕೇಳ್ಕಳಿ ಮೇಡಮ್ಮಾ, ನಿಮ್ ದೇವ್ರಿಗೂ ಒಂದ್ ಮಾತು" ಎಂದಳು. ಕೇಳಿದ್ದೇನೆ ಎಂದೆ.

ಕುರ್ಚಿಯಲ್ಲಿ ಕೂತು ಗಯಾಸ್ ನೀಲಿ ಬಾಟಲಿ ತೆಗೆದು ಮೊದಲು ನನಗೆ ಕೊಟ್ಟರು. ತಿಂಗಳ ಮೇಲೆ ಹಗಲಿನಲ್ಲಿ ಕುಡಿದ ಮೊದಲ ಗುಟುಕು. ಆಮೇಲೆ ಅವರು ಕುಡಿದರು. ತಳದಲ್ಲಿ ಸ್ವಲ್ಪ ಉಳಿದಿತ್ತು. ಅಭ್ಯಾಸಬಲ, ಬೆಣ್ಣೆಹಣ್ಣಿನ ಕಡೆಗೆ ಬಗ್ಗಿದರು.

"ನಕ್ಕೋ" ಎಂದೆ.

ಕೊನೆಯ ಹನಿಯವರೆಗೂ ಕುಡಿದು, ಬಾಟಲಿ ತಲೆಕೆಳಗೆ ಮಾಡಿ ತೋರಿಸಿದರು. ನಾನು ಅದನ್ನು ತೆಗೆದುಕೊಂಡು ಒಳಗೆ ಹೋದೆ, ಮಷೀನಿನ ಕುಡಿಯುವ ನೀರಿನ ನಲ್ಲಿಗೆ ಹಿಡಿದು ತುಂಬಿಸಿದೆ, ತಂದು ಅವರ ಗಿಡಕ್ಕೆ ನಾನೇ ಹಾಕಿದೆ.